ಶ್ರೀಮತಿ ಮೇರಿ ಸಮರ್‌ವಿಲ್ ಅಮ್ಮನವರೂ ರೇಖಾಗಣಿತವೂ

ಈ ಸ್ಮರಣ ಸಂಚಿಕೆಯ ಓದುಗರಲ್ಲಿ ಕಾರ್ನೀಲಿಯ ಸೊರಾಬ್ಜಿ ಎಂಬ ಹೆಸರನ್ನು ಕೇಳದವರು ವಿರಳ. 1866ರಲ್ಲಿ ನಾಸಿಕದಲ್ಲಿ ಹುಟ್ಟಿದ ಆ ಮಹಿಳೆಯು 1889ರಲ್ಲಿ ಸಮುದ್ರವನ್ನು ದಾಟಿ ಆಕ್ಸ್‌ಫರ್ಡಿಗೆ ಹೋಗಿ ನ್ಯಾಯಶಾಸ್ತ್ರವನ್ನು ಓದಿದ ವಿದ್ಯಾಲಯಕ್ಕೆ ಸಮರ್‌ವಿಲ್ ಎಂದು ಹೆಸರು. ಹೆಣ್ಣುಮಕ್ಕಳಿಗಾಗಿ 1879ರಲ್ಲಿ ಸ್ಥಾಪಿತವಾದ ಆ ವಿದ್ಯಾಲಯಕ್ಕೆ ಯಾರ ಹೆಸರನ್ನಿಟ್ಟರೋ ಆಕೆಯು ತನ್ನ ಬಾಲ್ಯದಲ್ಲಿ ರೇಖಾಗಣಿತದ ಒಂದು ಪುಸ್ತಕವನ್ನು ತಾನಾಗಿ ಅಂಗಡಿಗೆ ಹೋಗಿ ಕೊಳ್ಳಲಾರದೆ ಇದ್ದಳು. ರಾತ್ರಿಯಲ್ಲಿ ಅದನ್ನು ಓದುತ್ತಿರುವಳೆಂದು ತಿಳಿದಾಗ ಮನೆಯವರು ಆಕೆಯ ಮೇಣದಬತ್ತಿಯನ್ನೇ ತೆಗೆದುಕೊಂಡುಬಿಟ್ಟರು. ರೇಖಾಗಣಿತವೆಂದರೆ ತಲೆನೋವೆನ್ನುವ ಹುಡುಗಿಯರನ್ನೂ, ಹೆಣ್ಣಿಗೆ ಈ ವಿದ್ಯೆಯಿಂದ ಏನು ಪ್ರಯೋಜನವೆಂದು ನಮ್ಮನ್ನು ಕೇಳುವ ತಂದೆತಾಯಿಗಳನ್ನೂ ನೆನೆದು, ಆಕೆಯ ಚರಿತ್ರೆಯನ್ನು ಇಲ್ಲಿ ಬರೆಯುತ್ತೇವೆ.

ಮೇರಿ ಫೇರ್‌ಫ್ಯಾಕ್ಸ್ ಎಂಬ ಈ ಬಾಲಿಕೆಯು 1780ನೆಯ ದಶಂಬರ 26ರಂದು ಸ್ಕಾಟ್ಲೆಂಡಿನ ಜೆಡ್‌ಬರ್ಗ್ ಎಂಬ ಊರಿನಲ್ಲಿ ಹುಟ್ಟಿದಳು. ತಂದೆಯು ನೌಕಾಸೈನ್ಯದ ಅಧಿಕಾರಿ; ವರುಷಗಟ್ಟಳೆ ಸಮುದ್ರದ ಮೇಲೆಯೇ ಇರತಕ್ಕವರು. ತಾಯಿಯ ಸಂಗಡ ಬರ್ನ್‌ಟೈಲೆಂಡ್ ಎಂಬ ಸಣ್ಣ ರೇವುಪಟ್ಟಣದಲ್ಲಿ ಆಕೆಯು ಕಡಲತೀರದ ಚಿಪ್ಪುಗಳನ್ನು ಆರಿಸುತ್ತಾ ಬೆಳೆದಳು. ತಂದೆಯು ಊರಿಗೆ ಬಂದು ನೋಡುವಾಗ ಮಗಳಿಗೆ ಸರಿಯಾಗಿ ಓದಲಿಕ್ಕೆ ಬಾರದು, ಬರೆಯುವದಂತೂ ಇಲ್ಲವೇ ಇಲ್ಲ. ಆದಕಾರಣ 10ನೆಯ ವಯಸ್ಸಿನಲ್ಲಿ ಮಸಲ್‌ಬರ್ಗಿನ ಒಂದು ವಸತಿಶಾಲೆಗೆ ಕಳುಹಿಸಿದರು. ಅಲ್ಲಿ ಬೆನ್ನು ನೆಟ್ಟಗಿರಬೇಕೆಂದು ಉಕ್ಕಿನ ಪಟ್ಟಿಯುಳ್ಳ ಬಿಗಿಯಾದ ಕವಚವನ್ನು ತೊಡಿಸಿದರು. ಜಾನ್ಸನ್ ಪಂಡಿತನ ನಿಘಂಟಿನಲ್ಲಿ ಒಂದೊಂದು ಪುಟವನ್ನು ಬಾಯಿಪಾಠ ಮಾಡಬೇಕು. ಪದಗಳ ಅರ್ಥವು ಮಾತ್ರವಲ್ಲ, ಯಾವ ಪದದ ತರುವಾಯ ಯಾವ ಪದವು ಬರುತ್ತದೆಂಬದನ್ನೂ ಒಪ್ಪಿಸಬೇಕು! ಒಂದು ವರುಷದ ಮೇಲೆ ಮೇರಿಯು ಮನೆಗೆ ಹಿಂತಿರುಗಿದಾಗ ಒಂದು ಸಾಮಾನ್ಯ ಪತ್ರವನ್ನು ಕೂಡಾ ಚೆನ್ನಾಗಿ ಬರೆಯಲಾರದವಳಾಗಿದ್ದಳು. ಬಾಯಿಪಾಠದ ಮೇಲೆ ಬಹಳ ಭರವಸವಿಡುವ ನಮ್ಮ ಉಪಾಧ್ಯಾಯಿನಿಯರು ಇದನ್ನು ಗಮನಿಸಬೇಕೆಂದು ಕೋರುತ್ತೇವೆ.

ಜೆಡ್‌ಬರ್ಗಿನ ಸಭಾಪಾಲಕರಾಗಿದ್ದ ಥಾಮಸ್ ಸಮರ್‌ವಿಲ್ ಎಂಬ ಬಂಧುಗಳೊಬ್ಬರೇ ಆಕೆಯ ವಿದ್ಯಾಕಾಂಕ್ಷೆಗೆ ಮೊದಲು ಪ್ರೋತ್ಸಾಹ ಕೊಟ್ಟವರು. ಬೆಳಗಿನ ಹೊತ್ತು ಲ್ಯಾಟಿನ್ ಕಾವ್ಯವನ್ನು ಆಕೆಯೊಂದಿಗೆ ಓದಿದರು. ಗಣಿತದ ಪರಿಚಯವಾದದ್ದು ವಿಚಿತ್ರವಾದ ರೀತಿಯಲ್ಲಿ. ಒಂದು ಚಹಾಕೂಟದಲ್ಲಿ ಗೆಳತಿಯು ಕಸೂತಿಯ ಮಾದರಿಗಳನ್ನು ತೋರಿಸಲು ಸ್ತ್ರೀಯರ ಪತ್ರಿಕೆಯೊಂದನ್ನು ತೆರೆದಳು. ಅದರ ಕೊನೆಯಲ್ಲಿ ಅಂಕೆಗಳ ನಡುವೆ ಅಕ್ಷರಗಳು ಬೆರೆತಿದ್ದ ಲೆಕ್ಕವೊಂದು ಕಣ್ಣಿಗೆ ಬಿತ್ತು. ಬೀಜಗಣಿತವೆಂಬ ಅದರ ಹೆಸರಿನ ಹೊರತು ಗೆಳತಿಗೆ ಹೆಚ್ಚೇನೂ ತಿಳಿಯದು. ಕೇಳೋಣವೆಂದರೆ ಮನೆಯಲ್ಲಿ ಯಾರೂ ಇಲ್ಲ. ಆ ಮೇಲೆ ಎಡಿನ್‌ಬರೋ ನಗರದಲ್ಲಿ ನೇಸ್ಮಿತ್ ಎಂಬ ಚಿತ್ರಗಾರನ ಬಳಿಯಲ್ಲಿ ಚಿತ್ರಕಲೆಯನ್ನು ಕಲಿಯುತ್ತಿರುವಾಗ, ಆತನು ಬೇರೆ ಶಿಷ್ಯೆಯರಿಗೆ ಹೇಳುತ್ತಿದ್ದ ಮಾತು ಆಕೆಯ ಕಿವಿಗೆ ಬಿತ್ತು. ದೂರದ ವಸ್ತುವನ್ನು ಕಾಣುವ ಹಾಗೆಯೇ ಬರೆಯಬೇಕಾದರೆ ಯೂಕ್ಲಿಡನ ರೇಖಾಗಣಿತವನ್ನು ಓದಬೇಕು, ಖಗೋಳಶಾಸ್ತ್ರಕ್ಕೂ ಯಂತ್ರಶಾಸ್ತ್ರಕ್ಕೂ ಅದೇ ತಳಹದಿ ಎಂಬದು ಅದರ ತಾತ್ಪರ್ಯ. ಆದರೆ ಕುಲೀನ ಕನ್ಯೆಯೊಬ್ಬಳು ಪುಸ್ತಕದಂಗಡಿಗೆ ಹೋಗಿ ಯೂಕ್ಲಿಡನನ್ನು ಕೇಳುವದು ಆ ಕಾಲದಲ್ಲಿ ಊಹಿಸಲಾಗದ ಸಂಗತಿ. ತಮ್ಮನಿಗೆ ಪಾಠ ಹೇಳಲು ಬರುತ್ತಿದ್ದ ಉಪಾಧ್ಯಾಯನೇ ಕೊನೆಗೆ ಆ ಪುಸ್ತಕವನ್ನೂ ಒಂದು ಬೀಜಗಣಿತವನ್ನೂ ತಂದುಕೊಟ್ಟನು.

ಹಗಲು ಮನೆಗೆಲಸ, ಹೊಲಿಗೆ, ಸಂಗೀತ, ಚಿತ್ರ, ರಾತ್ರಿ ಯೂಕ್ಲಿಡ್. ಹೀಗಿರಲು ಮನೆಯ ಮೇಣದಬತ್ತಿಗಳು ಬೇಗನೆ ತೀರುತ್ತವೆಂದು ಸೇವಕರು ತಾಯಿಗೆ ದೂರು ಹೇಳಿದರು. ಮಗಳು ಮಲಗಿದ ಕೂಡಲೆ ದೀಪವನ್ನು ಒಯ್ಯತಕ್ಕದ್ದೆಂದು ಅಪ್ಪಣೆಯಾಯಿತು. ಅಷ್ಟರೊಳಗೆ ಮೇರಿಯು ಮೊದಲನೆಯ 6 ಭಾಗಗಳನ್ನು ಓದಿ ಮುಗಿಸಿದ್ದಳು. ಅಂದಿನಿಂದ ಪ್ರತಿರಾತ್ರಿ ಕತ್ತಲೆಯಲ್ಲಿ ಮಲಗಿಕೊಂಡು, ಮೊದಲನೆಯ ಭಾಗದ ಮೊದಲನೆಯ ಪ್ರಮೇಯದಿಂದ ಆರಂಭಿಸಿ, ಕೆಲಕೆಲವನ್ನು ಮನಸ್ಸಿನಲ್ಲಿಯೇ ಸಾಧಿಸುತ್ತಾ, ಹೆಚ್ಚುಕಡಿಮೆ ಎಲ್ಲವನ್ನೂ ಹಾಗೆಯೇ ನಡಿಸಬಲ್ಲವಳಾದಳು.

ನಿಘಂಟಿನ ಪುಟವು ನಿಲ್ಲದ ನೆನಪಿನಲ್ಲಿ ಯೂಕ್ಲಿಡನು ನಿಂತದ್ದು ಹೇಗೆ? ಕ್ರಿಸ್ತಪೂರ್ವ 300ರ ಸುಮಾರಿಗೆ ಗ್ರಂಥವನ್ನು ರಚಿಸಿದ ಆ ಪಂಡಿತನು ಮೊದಲು ವ್ಯಾಖ್ಯೆಗಳನ್ನು ಕೊಡುತ್ತಾನೆ. ಬಿಂದುವಿಗೆ ಭಾಗಗಳಿಲ್ಲ, ರೇಖೆಗೆ ಉದ್ದವುಂಟು, ಅಗಲವಿಲ್ಲ. ನಾವು ಕರೀಹಲಗೆಯ ಮೇಲೆ ಸೀಮೆಸುಣ್ಣದಿಂದ ಇಡುವ ಚುಕ್ಕೆಯು ಅವರೆಕಾಳಿನಷ್ಟು ದಪ್ಪ. ಗೆರೆಯು ಕಿರುಬೆರಳಿನಷ್ಟು ಅಗಲ. ಅವು ಬಿಂದುರೇಖೆಗಳ ಗುರುತುಗಳೇ ಹೊರತು ಬಿಂದುರೇಖೆಗಳಲ್ಲ. ನಿಜವಾದ ರೇಖೆಯನ್ನು ಹಗಲಿನಲ್ಲಿಯೂ ಯಾರೂ ಕಂಡದ್ದಿಲ್ಲ; ಆದಕಾರಣ ಮೇಣದಬತ್ತಿಯು ಹೋದದ್ದರಿಂದ ಮೇರಿಗೆ ಆದ ನಷ್ಟವು ಸ್ವಲ್ಪವೇ. ವ್ಯಾಖ್ಯೆಗಳ ತರುವಾಯ, ಎರಡು ಬಿಂದುಗಳನ್ನು ಸರಳರೇಖೆಯಿಂದ ಕೂಡಿಸಬಹುದು ಎಂಬಂಥ ಕೆಲವು ಬೇಡಿಕೆಗಳು; ಒಂದೇ ವಸ್ತುವಿಗೆ ಸಮವಾದವುಗಳು ತಮ್ಮೊಳಗೂ ಸಮ ಎಂಬಂಥ ಕೆಲವು ಸ್ವಯಂಸಿದ್ಧ ಸತ್ಯಗಳು. ಇಷ್ಟನ್ನು ಒಪ್ಪಿಕೊಂಡ ಮೇಲೆ ಮೊದಲನೆಯ ಪ್ರಮೇಯವು ಸಮಬಾಹು ತ್ರಿಭುಜ. ಕೊಟ್ಟ ರೇಖೆಯನ್ನೇ ತ್ರಿಜ್ಯವಾಗಿಟ್ಟು, ಅದರ ಎರಡು ಕೊನೆಗಳನ್ನು ಕೇಂದ್ರಗಳಾಗಿ ಮಾಡಿ ಎರಡು ವೃತ್ತಗಳನ್ನು ಎಳೆದರೆ, ಅವು ಕೂಡುವ ಸ್ಥಳವೇ ತ್ರಿಭುಜದ ಶೃಂಗ. ಒಂದು ವೃತ್ತದ ತ್ರಿಜ್ಯಗಳು ಸಮವಾದದರಿಂದ ಮೂರು ಭುಜಗಳೂ ಸಮ. ಎರಡನೆಯದು ಮೊದಲನೆಯದರ ಮೇಲೆ ನಿಲ್ಲುತ್ತದೆ, ಮೂರನೆಯದು ಎರಡನೆಯದರ ಮೇಲೆ; ಹೀಗೆ ಮೊದಲನೆಯ ಭಾಗವೊಂದರಲ್ಲಿಯೇ 48 ಪ್ರಮೇಯಗಳು. ನಿಘಂಟಿನಲ್ಲಿ ಒಂದು ಪದದ ಮುಂದೆ ಇನ್ನೊಂದು ಬರುವದಕ್ಕೆ ಅಕ್ಷರಕ್ರಮದ ಹೊರತು ಕಾರಣವಿಲ್ಲ. ಇಲ್ಲಿ ಕಾರಣವೇ ಕೈಹಿಡಿದು ನಡಿಸುತ್ತದೆ.

ನಮ್ಮ ತರಗತಿಗಳಲ್ಲಿ ವರುಷವರುಷವೂ ಕಾಣುವ ಒಂದು ಸಂಗತಿಯನ್ನು ಹೇಳಬೇಕು. ತ್ರಿಭುಜದ ಮೂರು ಕೋನಗಳು ಕೂಡಿ ಎರಡು ಲಂಬಕೋನಗಳಿಗೆ ಸಮವೆಂಬದನ್ನು ತೋರಿಸಿರೆಂದರೆ ಹುಡುಗಿಯರು ಕೋನಮಾಪಕವನ್ನು ಕೈಗೆ ತೆಗೆದುಕೊಳ್ಳುತ್ತಾರೆ. ಮೊತ್ತವು 179 ಅಂಶಗಳಾದರೆ ಒಂದನ್ನು ಅಳಿಸಿ, ಮೆಲ್ಲಗೆ 180 ಮಾಡಿ ತಂದೊಪ್ಪಿಸುತ್ತಾರೆ! ಅಳೆದದ್ದು ಒಂದೇ ತ್ರಿಭುಜ. ಅದೂ ಸರಿಯಾಗಿ ಬರಲಿಲ್ಲ. ಶೃಂಗದ ಮೂಲಕ ಪಾದಕ್ಕೆ ಸಮಾಂತರವಾಗಿ ಒಂದು ರೇಖೆಯನ್ನು ಎಳೆದು ನೋಡಿರಿ: ಪಾದದ ಎರಡು ಕೋನಗಳೂ ಶೃಂಗದ ಇಕ್ಕೆಲಗಳಲ್ಲಿ ಪರ್ಯಾಯ ಕೋನಗಳಾಗಿ ಬಂದು ಕೂಡುತ್ತವೆ, ಮೂರೂ ಸೇರಿ ಒಂದೇ ಸರಳರೇಖೆಯನ್ನು ತುಂಬುತ್ತವೆ. ಈ ಸಾಧನೆಯು ಇನ್ನೂ ಯಾರೂ ಬರೆಯದ ತ್ರಿಭುಜಗಳಿಗೆ ಕೂಡಾ ಸಲ್ಲುತ್ತದೆ. ಕಣ್ಣು ಮುಚ್ಚಿಕೊಂಡು ಮಾಡಬಹುದು. ಮೇರಿಯು ಮಾಡಿದ್ದು ಅದನ್ನೇ.

ಇಷ್ಟು ಓದಿದರೆ ಮಗಳಿಗೆ ಹುಚ್ಚು ಹಿಡಿಯುವದೆಂದು ತಂದೆಯು ನಿಜವಾಗಿ ಭಯಪಟ್ಟರು. 1804ರಲ್ಲಿ ಸ್ಯಾಮ್ಯುಯೆಲ್ ಗ್ರೇಗ್ ಎಂಬಾತನೊಂದಿಗೆ ವಿವಾಹವಾಯಿತು. ಆತನು ಓದನ್ನು ತಡೆಯಲಿಲ್ಲವಾದರೂ ಸ್ತ್ರೀಯರ ಬುದ್ಧಿಯಲ್ಲಿ ಆತನಿಗೆ ನಂಬಿಕೆ ಇರಲಿಲ್ಲ. 1807ರಲ್ಲಿ ಆಕೆಯು ವಿಧವೆಯಾಗಿ ಇಬ್ಬರು ಗಂಡುಮಕ್ಕಳೊಂದಿಗೆ ತೌರಿಗೆ ಬಂದಳು. ಸ್ವಂತ ಹಣವೂ ಸ್ವಾತಂತ್ರ್ಯವೂ ಈಗ ಮಾತ್ರ ದೊರಕಿದವು. ನ್ಯೂಟನನ ಗ್ರಂಥವನ್ನು ಓದಿದಳು. ಗಣಿತ ಪತ್ರಿಕೆಯೊಂದರ ಸಮಸ್ಯೆಯನ್ನು ಬಿಡಿಸಿ 1811ರಲ್ಲಿ ಬೆಳ್ಳಿಯ ಪದಕವನ್ನು ಪಡೆದಳು. 1812ರಲ್ಲಿ ಥಾಮಸ್ ಸಮರ್‌ವಿಲ್ಲರ ಮಗನಾದ ವೈದ್ಯ ವಿಲಿಯಂ ಸಮರ್‌ವಿಲ್ಲರನ್ನು ಮದುವೆಯಾದಳು. ಇನ್ನಾದರೂ ಈ ಮೂರ್ಖ ವ್ಯಾಸಂಗವನ್ನು ಬಿಟ್ಟು ಒಳ್ಳೆಯ ಗೃಹಿಣಿಯಾಗಬೇಕೆಂದು ನಾದಿನಿಯೊಬ್ಬಳು ಪತ್ರ ಬರೆದಳು. ಪತಿಯಾದರೋ ಪುಸ್ತಕಗಳನ್ನು ತಂದುಕೊಟ್ಟು, ಹಸ್ತಪ್ರತಿಗಳನ್ನು ನಕಲು ಮಾಡಿ, ಜೀವಮಾನವೆಲ್ಲಾ ಸಹಾಯಕರಾಗಿದ್ದರು.

ಇನ್ನು ಮುಂದೆ ಆಕೆಯನ್ನು ಅಮ್ಮನವರೆಂದು ಬಹುವಚನದಿಂದ ಕರೆಯುವದೇ ನ್ಯಾಯ. 1827ರಲ್ಲಿ ಬ್ರೂಮ್ ಪ್ರಭುಗಳು, ಲಾಪ್ಲಾಸ್ ಎಂಬ ಫ್ರೆಂಚ್ ಪಂಡಿತನ ಖಗೋಳಗ್ರಂಥವನ್ನು ಇಂಗ್ಲಿಷಿನಲ್ಲಿ ತಿಳಿಯಪಡಿಸಬೇಕೆಂದು ಕೇಳಿಕೊಂಡರು. ಕೆಲಸವು ಗುಟ್ಟಾಗಿರಬೇಕು, ಕೆಟ್ಟರೆ ಹಸ್ತಪ್ರತಿಯನ್ನು ಬೆಂಕಿಗೆ ಹಾಕಬೇಕು ಎಂಬ ಒಪ್ಪಂದದ ಮೇಲೆ ಅಮ್ಮನವರು ಒಪ್ಪಿದರು. ಮಕ್ಕಳ ಪಾಠ, ಮನೆಯ ಕೆಲಸ, ಅತಿಥಿಗಳ ಉಪಚಾರ ಇವುಗಳ ನಡುವೆ ಬರೆಯಬೇಕು. ಬಾಗಿಲಿನ ಗಂಟೆಯು ಬಾರಿಸಿದೊಡನೆ ಕಾಗದಗಳನ್ನು ಅಡಗಿಸಬೇಕು. 1831ರಲ್ಲಿ ಪ್ರಕಟವಾದ ಆ ಗ್ರಂಥವು ಕೇಂಬ್ರಿಜ್ ವಿಶ್ವವಿದ್ಯಾನಿಲಯದಲ್ಲಿ ಪಠ್ಯವಾಯಿತು; ಅಲ್ಲಿ ಆಗ ಹೆಣ್ಣುಮಕ್ಕಳಿಗೆ ಪ್ರವೇಶವಿರಲಿಲ್ಲ. ರಾಯಲ್ ಸೊಸೈಟಿಯವರು ಅಮ್ಮನವರ ಅಮೃತಶಿಲೆಯ ಪ್ರತಿಮೆಯನ್ನು ತಮ್ಮ ಸಭಾಭವನದಲ್ಲಿ ಇಟ್ಟರು. ಸ್ತ್ರೀಯರನ್ನು ಸದಸ್ಯರಾಗಿ ಸೇರಿಸಿಕೊಂಡದ್ದು 1945ರಲ್ಲಿ. 1835ರಲ್ಲಿ ರಾಯಲ್ ಖಗೋಳಶಾಸ್ತ್ರ ಸಂಘವು ಇವರನ್ನೂ ಕ್ಯಾರೊಲಿನ್ ಹರ್ಷೆಲ್ ಎಂಬವರನ್ನೂ ಗೌರವ ಸದಸ್ಯರನ್ನಾಗಿ ಆರಿಸಿತು.

ಎಲ್ಲವೂ ಜಯವೇ ಆಗಿರಲಿಲ್ಲ. ನೇರಳೆ ಬಣ್ಣದ ಕಿರಣಗಳಿಂದ ಉಕ್ಕಿಗೆ ಕಾಂತಶಕ್ತಿ ಬರುತ್ತದೆಂದು 1826ರಲ್ಲಿ ಪ್ರಕಟಿಸಿದ ಅವರ ಅಭಿಪ್ರಾಯವು ಮುಂದೆ ತಪ್ಪೆಂದು ತಿಳಿಯಿತು. ಅದಕ್ಕಿಂತ ದೊಡ್ಡ ದುಃಖವು 1823ರಲ್ಲಿ ತೀರಿಕೊಂಡ ಮಗಳು ಮಾರ್ಗರೆಟಳದು. ಎಳೆಯ ಮನಸ್ಸಿನ ಮೇಲೆ ತಾನು ಹೊರಿಸಿದ ಓದಿನ ಭಾರವು ಅತಿಯಾಯಿತೋ ಎಂದು ಆ ತಾಯಿಯು ಕೊನೆಯ ವರೆಗೂ ಕೊರಗಿದರು. ಬೇರೆ ತಾಯಂದಿರು ಎಚ್ಚರಪಡಬೇಕೆಂದು ತಮ್ಮ ಆತ್ಮಚರಿತ್ರೆಯಲ್ಲಿಯೂ ಅದನ್ನು ಮರೆಮಾಡಲಿಲ್ಲ. ಕೂಸಿನ ಮರಣಕ್ಕೆ ಓದು ಕಾರಣವಾಗಿತ್ತೆಂದು ನಾವು ನಂಬುವದಿಲ್ಲ. ಆದರೆ ಪರೀಕ್ಷೆಯ ತಿಂಗಳಲ್ಲಿ ಬಾಡಿದ ಮುಖಗಳನ್ನು ಕಾಣುವಾಗಲೆಲ್ಲಾ ಆ ಪುಟವು ನಮ್ಮ ನೆನಪಿಗೆ ಬರುತ್ತದೆ.

ಪತಿಯ ಆರೋಗ್ಯದ ನಿಮಿತ್ತ 1838ರಿಂದ ಅಮ್ಮನವರ ವಾಸವು ಇಟಲಿಯಲ್ಲಿ. 1848ರಲ್ಲಿ ಅವರ ಭೌತಿಕ ಭೂಗೋಳವು ಹೊರಬಂದಿತು. 1860ರಲ್ಲಿ ಪತಿಯನ್ನೂ 1865ರಲ್ಲಿ ಉಳಿದಿದ್ದ ಒಬ್ಬ ಮಗನನ್ನೂ ಕಳೆದುಕೊಂಡರು. 90 ದಾಟಿದ ಮೇಲೆ ಕಿವಿ ಕೇಳದಾಯಿತು, ಜನರ ಹೆಸರುಗಳು ಮರೆತುಹೋಗುತ್ತಿದ್ದವು. ಗಣಿತವು ಮಾತ್ರ ಮರೆಯಲಿಲ್ಲ. ನೇಪಲ್ಸ್ ನಗರದ ಮನೆಯಲ್ಲಿ ಪ್ರತಿದಿನ ಬೆಳಿಗ್ಗೆ ನಾಲ್ಕೈದು ತಾಸು ಉನ್ನತ ಬೀಜಗಣಿತವನ್ನು ಓದುವರು. ಬಿಡಿಸಲಾಗದ ಸಮಸ್ಯೆಯನ್ನು ಮರುದಿನ ಪುನಃ ಹಿಡಿಯುವರು. 1872ನೆಯ ನವಂಬರ 29ರ ಬೆಳಿಗ್ಗೆ, 91ನೆಯ ವಯಸ್ಸಿನಲ್ಲಿ, ಮಲಗಿದಲ್ಲಿಯೇ ಅವರ ಪ್ರಾಣವು ಹೋಯಿತು. ಹಿಂದಿನ ದಿನಗಳ ವರೆಗೂ ಅವರ ಲೆಕ್ಕಗಳು ನಡೆಯುತ್ತಲೇ ಇದ್ದವು.