ಹೆಡ್‌ಲೈಟ್ ಹಿಂದಿನ ಮನುಷ್ಯ: ರಾಬರ್ಟ್ ಬಾಷ್

ಬೆಂಗಳೂರಲ್ಲಿ ಆಡುಗೋಡಿ, ಬಿಟಿಎಂ ಕಡೆ ಓಡಾಡಿದವರಿಗೆ ಮೈಕೋ ಲೇಔಟ್ ಗೊತ್ತಿರುತ್ತೆ. ಮೈಕೋ ಅಂದ್ರೆ ಮೋಟಾರ್ ಇಂಡಸ್ಟ್ರೀಸ್ ಕಂಪನಿ. 1951ರಲ್ಲಿ ಶುರುವಾದ ಆ ಕಂಪನಿಯ ಹೆಸರು 2008ರಲ್ಲಿ ಬಾಷ್ ಅಂತ ಬದಲಾಯ್ತು. ಪ್ಲೇಸ್‌ಮೆಂಟ್ ಲಿಸ್ಟಲ್ಲಿ ಆ ಹೆಸರು ಹುಡುಕೋ ನಮಗೆ, ಅದು ಒಬ್ಬ ಮನುಷ್ಯನ ಹೆಸರು ಅನ್ನೋದು ನೆನಪಿಗೇ ಬರಲ್ಲ. ಆ ಮನುಷ್ಯ ಪ್ರಪಂಚಕ್ಕೆಲ್ಲ ಹೆಸರಾಗಿದ್ದು ಕಾರು ಮಾಡಿ ಅಲ್ಲ, ಕಾರಿನ ಬಿಡಿಭಾಗ ಮಾಡಿ.

ರಾಬರ್ಟ್ ಬಾಷ್ ಹುಟ್ಟಿದ್ದು 1861ರ ಸೆಪ್ಟೆಂಬರ್ 23ರಂದು, ಜರ್ಮನಿಯ ಉಲ್ಮ್ ಪಟ್ಟಣದ ಹತ್ತಿರದ ಆಲ್ಬೆಕ್ ಅನ್ನೋ ಹಳ್ಳಿಯಲ್ಲಿ. ಹನ್ನೆರಡು ಮಕ್ಕಳಲ್ಲಿ ಹನ್ನೊಂದನೆಯವರು. ಮನೆಯಲ್ಲಿ ಜಮೀನಿತ್ತು, ಜೊತೆಗೆ ದಾರಿಹೋಕರಿಗೆ ಊಟ ವಸತಿ ಕೊಡೋ ಒಂದು ಛತ್ರದಂಥ ಹೋಟೆಲ್ಲೂ ಇತ್ತು. 1876ರಿಂದ 1879ರವರೆಗೆ ಉಲ್ಮ್‌ನಲ್ಲಿ ಒಬ್ಬ ಮೆಕ್ಯಾನಿಕ್ ಹತ್ತಿರ ಕೆಲಸ ಕಲಿತರು. ಗುರು ಸರಿಯಾಗಿ ಕಲಿಸಲೇ ಇಲ್ಲ ಅನ್ನೋ ಬೇಸರ ಅವರಿಗೆ ಕೊನೆತನಕ ಇತ್ತು. ಮುಂದೆ ತಮ್ಮ ಕಾರ್ಖಾನೆಯಲ್ಲಿ ಹುಡುಗರಿಗೆ ಕೆಲಸ ಕಲಿಸೋಕೆ ಬೇರೆ ವಿಭಾಗವನ್ನೇ ಅವರು ತೆರೆದಿದ್ದರ ಹಿಂದೆ ಈ ನೆನಪೂ ಇತ್ತು.

ಕಾಲೇಜು ಅಂತ ಅವರು ಹೋಗಿದ್ದು ಸ್ಟುಟ್‌ಗಾರ್ಟ್‌ನ ತಾಂತ್ರಿಕ ಕಾಲೇಜಿಗೆ, ಅದೂ ಸುಮಾರು ಆರು ತಿಂಗಳು ಮಾತ್ರ. ಡಿಗ್ರಿ ಇಲ್ಲ. ವೋಲ್ಟೇಜು, ಕರೆಂಟು ಅನ್ನೋ ಪದಗಳ ಭಯ ಹೋಗಿದ್ದೇ ಅಲ್ಲಿ ಸಿಕ್ಕ ಲಾಭ. 1884ರಲ್ಲಿ ಅಮೆರಿಕಾಕ್ಕೆ ಹೋಗಿ ಎಡಿಸನ್ ಕಾರ್ಖಾನೆಯಲ್ಲಿ ದುಡಿದರು. ಆಮೇಲೆ ಇಂಗ್ಲೆಂಡಿನಲ್ಲಿ ಸೀಮೆನ್ಸ್ ಕಂಪನಿಯಲ್ಲಿ ಸ್ವಲ್ಪ ಕಾಲ. 1886ರ ನವೆಂಬರ್ 15ಕ್ಕೆ ಸ್ಟುಟ್‌ಗಾರ್ಟ್‌ನಲ್ಲಿ ಸ್ವಂತ ವರ್ಕ್‌ಶಾಪ್ ತೆರೆದರು. ಅಪ್ಪನಿಂದ ಬಂದ 10,000 ಮಾರ್ಕ್ ಬಂಡವಾಳ. ಒಬ್ಬ ಮೆಕ್ಯಾನಿಕ್, ಓಡಾಡೋಕೆ ಒಬ್ಬ ಹುಡುಗ. ಟೆಲಿಫೋನ್ ಹಾಕೋದು, ಕಾಲಿಂಗ್ ಬೆಲ್ ರಿಪೇರಿ, ಹೀಗೆ ಸಿಕ್ಕ ಕೆಲಸ ಎಲ್ಲ ಮಾಡಿದರು. ಮೊದಲ ಕೆಲವು ವರ್ಷ ಬಹಳ ಕಷ್ಟವಾಯ್ತು. ಒಂದು ಹಂತದಲ್ಲಿ ಹೆಚ್ಚಿನ ಕೆಲಸಗಾರರನ್ನು ಮನೆಗೆ ಕಳಿಸಬೇಕಾಯ್ತು.

ಅವರ ಕೈ ಹಿಡಿದಿದ್ದು ಮ್ಯಾಗ್ನೆಟೋ. ಪೆಟ್ರೋಲ್ ಎಂಜಿನ್ನಿಗೆ ಕಿಡಿ ಬೇಕು, ಆ ಕಾಲದ ಬ್ಯಾಟರಿಗಳನ್ನು ನಂಬೋ ಹಾಗಿರ್ಲಿಲ್ಲ. ಮ್ಯಾಗ್ನೆಟೋಗೆ ಬ್ಯಾಟರಿ ಬೇಡ. ಅಯಸ್ಕಾಂತದ ನಡುವೆ ತಂತಿ ಸುರುಳಿ ಆಡಿದರೆ ಎಂಜಿನ್ನೇ ತನ್ನ ಕಿಡಿ ತಾನೇ ಹುಟ್ಟಿಸಿಕೊಳ್ಳುತ್ತೆ. ಫಸ್ಟ್ ಸೆಮ್‌ನಲ್ಲಿ ನಾವು ಓದಿದ ಫ್ಯಾರಡೆ ನಿಯಮ ಅಷ್ಟೇ. ಆದರೆ ನಿಂತ ಜಾಗದಲ್ಲಿ ನಿಧಾನಕ್ಕೆ ತಿರುಗೋ ಎಂಜಿನ್ನಿಗೆ ಮಾಡಿದ ಮ್ಯಾಗ್ನೆಟೋ, ವೇಗವಾಗಿ ತಿರುಗೋ ಗಾಡಿ ಎಂಜಿನ್ನಿಗೆ ಆಗ್ತಿರ್ಲಿಲ್ಲ. 1897ರಲ್ಲಿ ಫ್ರೆಡರಿಕ್ ಸಿಮ್ಸ್ ಅನ್ನೋ ವ್ಯಾಪಾರಿ ಒಂದು ಮೂರು ಚಕ್ರದ ಮೋಟಾರು ಗಾಡಿ ತಂದು ಇದಕ್ಕೆ ಕೂರಿಸಿಕೊಡಿ ಅಂತ ಕೇಳಿದರು. ದಾರಿ ಹುಡುಕಿದ್ದು ಬಾಷ್ ಅಲ್ಲ, ಅವರ ಕೆಲಸಗಾರ ಆರ್ನಲ್ಡ್ ಝೇರಿಂಗರ್. ಭಾರದ ಸುರುಳಿಯನ್ನು ಆಡಿಸೋ ಬದಲು ಅದನ್ನು ನಿಲ್ಲಿಸಿ, ಸುತ್ತ ಒಂದು ಹಗುರ ಲೋಹದ ಕವಚವನ್ನು ಆಡಿಸಿದರು. 1902ರಲ್ಲಿ ಗಾಟ್‌ಲೋಬ್ ಹೊನೊಲ್ಡ್ ಅನ್ನೋ ಎಂಜಿನಿಯರ್ ಹೆಚ್ಚು ವೋಲ್ಟೇಜಿನ ಮ್ಯಾಗ್ನೆಟೋ ಮತ್ತು ಅದಕ್ಕೆ ಹೊಂದುವ ಸ್ಪಾರ್ಕ್ ಪ್ಲಗ್ ಮಾಡಿಕೊಟ್ಟರು. ಅಲ್ಲಿಂದ ಕಂಪನಿ ಹಿಂದೆ ತಿರುಗಿ ನೋಡಲಿಲ್ಲ.

ಹಾಗಾದರೆ ಬಾಷ್ ಮಾಡಿದ್ದೇನು? ಒಳ್ಳೆ ತಲೆಗಳನ್ನು ಹುಡುಕಿ ಕೆಲಸ ಕೊಟ್ಟರು, ಅವರು ಮಾಡಿದ್ದು ದಾರಿ ಮಧ್ಯೆ ಕೈ ಕೊಡದ ಹಾಗೆ ನೋಡಿಕೊಂಡರು. ಕೆಟ್ಟ ಮಾಲು ಹೊರಗೆ ಹೋದರೆ ಅವರಿಗೆ ನಿದ್ದೆ ಬರ್ತಿರ್ಲಿಲ್ಲ. ಗಿರಾಕಿಯ ನಂಬಿಕೆಗಿಂತ ದುಡ್ಡು ಹೋಗೋದೇ ವಾಸಿ ಅನ್ನೋದು ಅವರ ಲೆಕ್ಕ.

ಈಗ ಹೆಡ್‌ಲೈಟಿಗೆ ಬರೋಣ. ಮೊದಲ ಕಾರುಗಳಲ್ಲಿ ಇದ್ದದ್ದು ಕಾರ್ಬೈಡ್ ದೀಪ. ಕ್ಯಾಲ್ಸಿಯಂ ಕಾರ್ಬೈಡ್ ಮೇಲೆ ನೀರು ತೊಟ್ಟಿಕ್ಕಿದರೆ ಅಸೆಟಿಲೀನ್ ಅನಿಲ ಬರುತ್ತೆ, ಅದಕ್ಕೆ ಕಡ್ಡಿ ಗೀರಿ ಹಚ್ಚಬೇಕು. ಕತ್ತಲಾಯ್ತು ಅಂದ್ರೆ ಗಾಡಿ ನಿಲ್ಲಿಸಿ ಇಳಿದು ದೀಪ ಹಚ್ಚೋದು! 1913ರಲ್ಲಿ ಬಾಷ್ ಕಂಪನಿ ಹೆಡ್‌ಲೈಟು, ಡೈನಮೋ, ಬ್ಯಾಟರಿ, ರೆಗ್ಯುಲೇಟರ್ ನಾಲ್ಕನ್ನೂ ಒಂದಕ್ಕೊಂದು ಹೊಂದೋ ಹಾಗೆ ಮಾಡಿ ಒಂದೇ ಸೆಟ್ಟಾಗಿ ಮಾರಿತು. ಬುದ್ಧಿವಂತಿಕೆ ಇರೋದು ಇಲ್ಲೇ. ಬಲ್ಬು ಎಷ್ಟೇ ಚೆನ್ನಾಗಿರಲಿ, ಡೈನಮೋ ಸರಿಯಾಗಿ ಚಾರ್ಜ್ ಮಾಡದಿದ್ದರೆ ಮಂಕು. ರೆಗ್ಯುಲೇಟರ್ ಕೆಟ್ಟು ವೋಲ್ಟೇಜ್ ಏರಿದರೆ ಬಲ್ಬೇ ಸುಟ್ಟು ಹೋಗುತ್ತೆ. ಹೆಡ್‌ಲೈಟ್ ಒಂದು ಬಿಡಿ ಸಾಮಾನಲ್ಲ, ಅದೊಂದು ಸಿಸ್ಟಮ್.

ನಮ್ಮೂರು ತೀರ್ಥಹಳ್ಳಿ ಹತ್ತಿರದ ಮೇಳಿಗೆ. ಅಲ್ಲಿ ಹಳೇ ಜೀಪು ಇಟ್ಟುಕೊಂಡ ಎಲ್ಲರಿಗೂ ಈ ಪಾಠ ಗೊತ್ತು. ನಮ್ಮ ಅಜ್ಜಯ್ಯನ ಜೀಪಿನ ಲೈಟು ಒಂದು ಮಳೆಗಾಲದಲ್ಲಿ ಹಳದಿಯಾಗಿ ಮಿಣಿಮಿಣಿ ಅನ್ನೋಕೆ ಶುರುವಾಯ್ತು. ಎರಡು ಸಲ ಹೊಸ ಬಲ್ಬ್ ಹಾಕಿಸಿದ್ರೂ ಅದೇ ಕತೆ. ಕೊನೆಗೆ ಮೆಕ್ಯಾನಿಕ್ ಬಲ್ಬ್ ಮುಟ್ಟಲೇ ಇಲ್ಲ. ಬಾಡಿಗೆ ಬೋಲ್ಟ್ ಹಾಕಿದ್ದ ಅರ್ತ್ ವೈರ್ ಬಿಚ್ಚಿ, ತುಕ್ಕನ್ನು ಸ್ಯಾಂಡ್ ಪೇಪರಲ್ಲಿ ಉಜ್ಜಿ, ವಾಪಸ್ ಬಿಗಿ ಮಾಡಿದರು. ಲೈಟು ಬೆಳ್ಳಗೆ ಬಂತು. ಲೆಕ್ಕ ಸರಳ: ಬಲ್ಬಿಗೆ ಸಿಗೋ ವೋಲ್ಟೇಜ್ ಶೇ. 10ರಷ್ಟು ಇಳಿದರೆ ಬೆಳಕು ಸುಮಾರು ಶೇ. 30ರಷ್ಟು ಇಳಿಯುತ್ತೆ. ಮಲೆನಾಡಿನ ಮಳೆಗೆ ತುಕ್ಕು ಹಿಡಿಯದ ಅರ್ತ್ ಪಾಯಿಂಟ್ ಎಲ್ಲಿದೆ ಹೇಳಿ?

ಇನ್ನೂ ಎರಡು ಮಾತು. ರಿಫ್ಲೆಕ್ಟರ್ ಮಂಕಾಯ್ತು ಅಂತ ಪಾಲಿಶ್ ಹಾಕಿ ಉಜ್ಜಿದರೆ ತೆಳ್ಳಗಿನ ಹೊಳೆಯೋ ಪದರವೇ ಎದ್ದು ಬರುತ್ತೆ. ಒಳಗೆ ನೀರು ಹೋಗದ ಹಾಗೆ ಗ್ಲಾಸ್ ಸುತ್ತಲಿನ ರಬ್ಬರ್ ಬದಲಿಸೋದು ಅದಕ್ಕಿಂತ ಒಳ್ಳೇದು. ಹಾಗೇ ಅಳತೆಗೆ ಕೂರದ ಲೋಕಲ್ ಬಲ್ಬ್ ಹಾಕಿದರೆ ಫಿಲಮೆಂಟ್ ರಿಫ್ಲೆಕ್ಟರಿನ ಫೋಕಸ್‌ನಿಂದ ಆಚೀಚೆ ಆಗುತ್ತೆ. ಆಗ ಬೆಳಕು ರಸ್ತೆ ಬಿಟ್ಟು ಮರದ ಮೇಲೆ, ಇಲ್ಲಾ ಎದುರಿಗೆ ಬರೋರ ಕಣ್ಣಿಗೆ. ರಾತ್ರಿ ಮಳೆಯಲ್ಲಿ ಆಗುಂಬೆ ಘಾಟಿ ಇಳಿಯೋವಾಗ ಕೆಲವು ಮಿಲಿಮೀಟರ್ ವ್ಯತ್ಯಾಸಕ್ಕೆ ಎಷ್ಟು ಬೆಲೆ ಅಂತ ತಿರುವಿನಲ್ಲಿ ಗೊತ್ತಾಗುತ್ತೆ.

ಭಾಗ ಮಾರಿದರೆ ಸಾಲದು, ಅದನ್ನು ಸರಿಯಾಗಿ ಕೂರಿಸೋರೂ ಬೇಕು ಅನ್ನೋದು ಬಾಷ್ ಕಂಪನಿಗೆ ಬೇಗ ಅರ್ಥವಾಯ್ತು. 1921ರಲ್ಲಿ ಹ್ಯಾಂಬರ್ಗ್‌ನಲ್ಲಿ ಮೊದಲ ಬಾಷ್ ಸರ್ವಿಸ್ ಗ್ಯಾರೇಜ್ ಶುರುವಾಯ್ತು. 1926ಕ್ಕೆ ವೈಪರ್, 1927ಕ್ಕೆ ಡೀಸೆಲ್ ಇಂಜೆಕ್ಷನ್ ಪಂಪ್ ಬಂತು.

ಕೆಲಸಗಾರರ ವಿಷಯದಲ್ಲಿ ಬಾಷ್ ಕಾಲಕ್ಕಿಂತ ಮುಂದಿದ್ದರು. 1906ರಲ್ಲೇ ದಿನಕ್ಕೆ ಎಂಟು ಗಂಟೆ ಕೆಲಸ ಅಂತ ಜಾರಿಗೆ ತಂದರು. ಹಾಗಂತ ಎಲ್ಲವೂ ಸಲೀಸಾಗಿರ್ಲಿಲ್ಲ. 1913ರಲ್ಲಿ ಅದೇ ಕಾರ್ಖಾನೆಯಲ್ಲಿ ದೊಡ್ಡ ಮುಷ್ಕರವಾಯ್ತು. ಮೊದಲ ಮಹಾಯುದ್ಧದಿಂದ ಬಂದ ಲಾಭ ಅವರಿಗೆ ಮುಳ್ಳಿನ ಹಾಗೆ ಚುಚ್ಚುತ್ತಿತ್ತು, ಕೋಟಿಗಟ್ಟಲೆ ಮಾರ್ಕ್ ದಾನ ಕೊಟ್ಟರು. 1921ರಲ್ಲಿ ಮಗ ರಾಬರ್ಟ್ ದೀರ್ಘ ಕಾಯಿಲೆಯಿಂದ ತೀರಿಕೊಂಡ.

ಕೊನೆಯ ವರ್ಷಗಳ ಕತೆ ಮಾತ್ರ ಬಿಸಿ ತುಪ್ಪ. ಬಾಷ್‌ಗೆ ಹಿಟ್ಲರ್ ಕಂಡರೆ ಆಗ್ತಿರ್ಲಿಲ್ಲ. ಕಂಪನಿಯ ದುಡ್ಡಿನಿಂದ ಯಹೂದಿಗಳಿಗೆ ಸಹಾಯ ಹೋಗ್ತಿತ್ತು. ಹಿಟ್ಲರ್ ವಿರೋಧಿ ಗುಂಪಿನ ನಾಯಕ ಕಾರ್ಲ್ ಗೋರ್ಡೆಲರ್‌ಗೆ ಕಂಪನಿಯ ಸಲಹೆಗಾರ ಅಂತ ಹುದ್ದೆ ಕೊಟ್ಟು ಆಸರೆಯಾಗಿದ್ದರು. ಆದರೆ ಅದೇ ಕಂಪನಿ ಹಿಟ್ಲರನ ಸೈನ್ಯಕ್ಕೆ ಭಾಗಗಳನ್ನು ಮಾಡಿಕೊಟ್ಟಿತು, ಯುದ್ಧಕಾಲದಲ್ಲಿ ಸಾವಿರಾರು ಜನರನ್ನು ಬಲವಂತವಾಗಿ ದುಡಿಸಿಕೊಂಡಿತು. ಎರಡೂ ನಿಜ. ಒಂದನ್ನು ಹೇಳಿ ಇನ್ನೊಂದನ್ನು ಬಿಟ್ಟರೆ ಜೀವನಚರಿತ್ರೆ ಆಗಲ್ಲ, ಜಾಹೀರಾತು ಆಗುತ್ತೆ. ಒಳ್ಳೆ ಭಾಗ ಮಾಡೋದು ನಮ್ಮ ಕೈಲಿದೆ, ಅದು ಯಾವ ಗಾಡಿಗೆ ಹೋಗುತ್ತೆ ಅಂತ ಕೇಳೋದೂ ಎಂಜಿನಿಯರ್ ಕೆಲಸವೇ ಅನ್ನೋದು ಇಲ್ಲಿ ನನಗೆ ಕಂಡ ಮಾತು. 1942ರ ಮಾರ್ಚ್ 12ರಂದು ಬಾಷ್ ತೀರಿಕೊಂಡಾಗ, ಅವರು ಒಪ್ಪದ ಅದೇ ಸರ್ಕಾರ ಅವರಿಗೆ ಸರ್ಕಾರಿ ಗೌರವದ ಅಂತ್ಯಕ್ರಿಯೆ ಮಾಡಿತು.

ಅವರು ಹೋಗಿ ಒಂಬತ್ತು ವರ್ಷಕ್ಕೆ ಬೆಂಗಳೂರಲ್ಲಿ ಮೈಕೋ ಹುಟ್ಟಿತು. ಅಲ್ಲಿ ಮಾಡಿದ ಸ್ಪಾರ್ಕ್ ಪ್ಲಗ್ಗು, ಡೀಸೆಲ್ ಪಂಪು ನಮ್ಮ ದೇಶದ ಲಾರಿ, ಟ್ರಾಕ್ಟರ್, ಕಾರುಗಳಿಗೆ ಸೇರಿದವು. ಇವತ್ತು ಮೂಲ ಕಂಪನಿಯ ಶೇ. 90ಕ್ಕಿಂತ ಹೆಚ್ಚು ಪಾಲು ಇರೋದು ಒಂದು ದತ್ತಿ ಸಂಸ್ಥೆಯ ಹೆಸರಲ್ಲಿ.

ಸೆಪ್ಟೆಂಬರ್ 15ಕ್ಕೆ ನಾವು ಸರ್ ಎಂ.ವಿ. ನೆನಪಲ್ಲಿ ಎಂಜಿನಿಯರ್ಸ್ ಡೇ ಮಾಡ್ತೀವಿ. ಸರಿಯಾಗಿ ಎಂಟು ದಿನ ಬಿಟ್ಟರೆ ಬಾಷ್ ಹುಟ್ಟಿದ ದಿನ. ಅವತ್ತು ಭಾಷಣ ಏನೂ ಬೇಡ. ಮನೆಯಲ್ಲಿ ಹಳೇ ಗಾಡಿ ಇದ್ರೆ ಹೆಡ್‌ಲೈಟಿನ ಅರ್ತ್ ವೈರ್ ಒಂದ್ಸಲ ಬಿಚ್ಚಿ, ಉಜ್ಜಿ, ಬಿಗಿ ಮಾಡಿ. ಅಷ್ಟು ಸಾಕು.