ಸರ್ ಚಾರ್ಲ್ಸ್ ಎಡ್ವರ್ಡ್ ಟ್ರೆವೆಲ್ಯಾನ್ (1807–1886)

ಮದರಾಸು ಪ್ರಾಂತ್ಯದ ಗವರ್ನರರಾಗಿದ್ದ ಸರ್ ಚಾರ್ಲ್ಸ್ ಎಡ್ವರ್ಡ್ ಟ್ರೆವೆಲ್ಯಾನ್ ಅವರು 1807ರ ಏಪ್ರಿಲ್ 2ರಂದು ಇಂಗ್ಲೆಂಡಿನ ಟಾಂಟನ್ ಪಟ್ಟಣದಲ್ಲಿ ಜನಿಸಿದರು. ಹೇಲಿಬರಿ ಕಾಲೇಜಿನಲ್ಲಿ ವ್ಯಾಸಂಗ ಮಾಡಿ, 1826ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಬಂಗಾಳ ಸಿವಿಲ್ ಸೇವೆಗೆ ಸೇರಿದರು. ದೆಹಲಿಯಲ್ಲಿ ಕಿರಿಯ ಅಧಿಕಾರಿಯಾಗಿದ್ದಾಗಲೇ ತಮ್ಮ ಮೇಲಧಿಕಾರಿ ಸರ್ ಎಡ್ವರ್ಡ್ ಕೋಲ್‌ಬ್ರೂಕ್ ಅವರ ಮೇಲೆ ಲಂಚದ ಆರೋಪ ಹೊರಿಸಿ, ವಿಚಾರಣೆಯಲ್ಲಿ ಅದನ್ನು ರುಜುವಾತುಪಡಿಸಿದರು. ಕಂಡದ್ದನ್ನು ಬಹಿರಂಗವಾಗಿ ಹೇಳಿಬಿಡುವ ಈ ಸ್ವಭಾವವು ಮುಂದೆ ಅವರ ಪದವಿಗೇ ಎರವಾಯಿತು.

1840ರಿಂದ 1859ರವರೆಗೆ ಅವರು ಲಂಡನ್ನಿನ ಖಜಾನೆ ಇಲಾಖೆಯಲ್ಲಿ ಸಹಾಯಕ ಕಾರ್ಯದರ್ಶಿಯಾಗಿದ್ದರು. ಐರ್ಲೆಂಡಿನ ಮಹಾಕ್ಷಾಮದ ಪರಿಹಾರ ವೆಚ್ಚದಲ್ಲಿ ಅವರು ತೋರಿದ ಬಿಗಿತನವು ಕಠೋರವೆಂಬ ಟೀಕೆಗೆ ಇಂದಿಗೂ ಗುರಿಯಾಗಿದೆ. ಸರ್ಕಾರಿ ಹುದ್ದೆಗಳನ್ನು ಶಿಫಾರಸಿನಿಂದಲ್ಲದೆ ಸ್ಪರ್ಧಾತ್ಮಕ ಪರೀಕ್ಷೆಯಿಂದ ತುಂಬಬೇಕೆಂದು ಸಲಹೆ ಮಾಡಿದ 1854ರ ವರದಿಯನ್ನು ಸಿದ್ಧಪಡಿಸಿದವರಲ್ಲಿಯೂ ಅವರೊಬ್ಬರು.

1859ರ ಮಾರ್ಚ್‌ನಲ್ಲಿ ಅವರು ಮದರಾಸಿನ ಗವರ್ನರರಾಗಿ ಅಧಿಕಾರ ವಹಿಸಿಕೊಂಡರು. ಬಳ್ಳಾರಿ ಹಾಗೂ ಕೆನರಾ ಸೀಮೆಗಳು ಆಗ ಈ ಪ್ರಾಂತ್ಯಕ್ಕೆ ಸೇರಿದ್ದವು. ಪದವಿಯು ದೊಡ್ಡದಾಗಿದ್ದರೂ ಶಾಸನ ಮತ್ತು ಹಣಕಾಸಿನ ವಿಷಯದಲ್ಲಿ ಗವರ್ನರರ ಕೈ ಕಟ್ಟಿಹಾಕಿದಂತಿತ್ತು. 1833ರ ಸನ್ನದು ಕಾಯಿದೆಯು ಮದರಾಸು ಮತ್ತು ಮುಂಬಯಿ ಸರ್ಕಾರಗಳ ಶಾಸನಾಧಿಕಾರವನ್ನು ಹಿಂತೆಗೆದುಕೊಂಡು, ಕಲ್ಕತ್ತೆಯಲ್ಲಿದ್ದ ಗವರ್ನರ್ ಜನರಲ್ ಅವರ ಪರಿಷತ್ತಿಗೆ ವಹಿಸಿತ್ತು. ಪ್ರಾಂತ್ಯದ ಸರ್ಕಾರವು ಕಾನೂನಿನ ಕರಡನ್ನು ಕಾರಣಗಳೊಡನೆ ಕಳುಹಿಸಬಹುದಾಗಿತ್ತು. ಅದನ್ನು ಅಂಗೀಕರಿಸುವುದು ಅಥವಾ ಬಿಡುವುದು ಕಲ್ಕತ್ತೆಯ ಇಚ್ಛೆಗೆ ಒಳಪಟ್ಟಿತ್ತು. ಪೂರ್ವಾನುಮತಿಯಿಲ್ಲದೆ ಹೊಸದೊಂದು ಹುದ್ದೆಯನ್ನು ಸೃಷ್ಟಿಸುವ ಅಥವಾ ಸಂಬಳ, ಭತ್ಯೆಯನ್ನು ಮಂಜೂರು ಮಾಡುವ ಅಧಿಕಾರವೂ ಗವರ್ನರರಿಗಿರಲಿಲ್ಲ. 1853ರ ಕಾಯಿದೆಯ ತರುವಾಯ ಮದರಾಸಿನ ಒಬ್ಬ ಅಧಿಕಾರಿಯು ಕಲ್ಕತ್ತೆಯ ಶಾಸನ ಪರಿಷತ್ತಿನಲ್ಲಿ ಸದಸ್ಯರಾಗಿ ಕುಳಿತುಕೊಳ್ಳುತ್ತಿದ್ದರು, ಅಷ್ಟೇ.

1857ರ ದಂಗೆಯ ನಂತರ ಸರ್ಕಾರದ ಸಾಲವು ಬಹಳವಾಗಿ ಏರಿತ್ತು. ಅದನ್ನು ಸರಿದೂಗಿಸಲು ಹಣಕಾಸು ಸದಸ್ಯರಾಗಿ ಬಂದ ಜೇಮ್ಸ್ ವಿಲ್ಸನ್ ಅವರು 1860ರ ಫೆಬ್ರವರಿ 18ರಂದು ಆದಾಯ ತೆರಿಗೆ, ವೃತ್ತಿ ಪರವಾನಗಿ ತೆರಿಗೆ ಮತ್ತು ತಂಬಾಕಿನ ಸುಂಕದ ಪ್ರಸ್ತಾವಗಳನ್ನು ಮಂಡಿಸಿದರು. ವರ್ಷಕ್ಕೆ 200 ರೂಪಾಯಿ ಗಳಿಸುವ ಸಾಮಾನ್ಯರೂ ಆದಾಯ ತೆರಿಗೆಗೆ ಒಳಪಡುತ್ತಿದ್ದರು. ದಂಗೆಯ ಕಾಲದಲ್ಲಿ ಶಾಂತವಾಗಿದ್ದ ದಕ್ಷಿಣದ ಜನರ ಮೇಲೆ ಅಪರಿಚಿತವಾದ ತೆರಿಗೆಗಳನ್ನು ಹೇರಿದರೆ ಅಸಮಾಧಾನ ಹುಟ್ಟುವುದೆಂದೂ, ಅದರ ಬದಲು ಸೈನ್ಯದ ವೆಚ್ಚವನ್ನು ತಗ್ಗಿಸಬೇಕೆಂದೂ ಟ್ರೆವೆಲ್ಯಾನ್ ಅವರು ವಾದಿಸಿದರು.

ಭಿನ್ನಾಭಿಪ್ರಾಯವನ್ನು ಟಿಪ್ಪಣಿಯಲ್ಲಿ ದಾಖಲಿಸಿ ಮೇಲಿನವರಿಗೆ ಕಳುಹಿಸುವ ಹಕ್ಕು ಅವರಿಗೆ ನಿಸ್ಸಂದೇಹವಾಗಿ ಇದ್ದಿತು. ಆದರೆ ಅವರು ಆ ಟಿಪ್ಪಣಿಯನ್ನು ಪತ್ರಿಕೆಗಳಲ್ಲಿ ಪ್ರಕಟಗೊಳಿಸಿದರು. ಮಸೂದೆಯು ಇನ್ನೂ ಪರಿಶೀಲನೆಯಲ್ಲಿರುವಾಗ ಅಧೀನ ಸರ್ಕಾರದ ಮುಖ್ಯಸ್ಥರೇ ಸಾರ್ವಜನಿಕವಾಗಿ ವಿರೋಧಿಸಿದುದನ್ನು ಗವರ್ನರ್ ಜನರಲ್ ಲಾರ್ಡ್ ಕ್ಯಾನಿಂಗ್ ಅವರಾಗಲಿ, ಭಾರತ ಸಚಿವ ಸರ್ ಚಾರ್ಲ್ಸ್ ವುಡ್ ಅವರಾಗಲಿ ಸಹಿಸಲಿಲ್ಲ. ಟ್ರೆವೆಲ್ಯಾನ್ ಅವರನ್ನು ಹಿಂದಕ್ಕೆ ಕರೆಸಿಕೊಳ್ಳಲಾಯಿತು. 1860ರ ಜೂನ್‌ನಲ್ಲಿ ಅವರು ಅಧಿಕಾರ ಬಿಟ್ಟರು. ಮದರಾಸಿನಲ್ಲಿದ್ದ ಅಲ್ಪಾವಧಿಯಲ್ಲಿಯೇ ಪೀಪಲ್ಸ್ ಪಾರ್ಕ್ ಎಂಬ ಉದ್ಯಾನಕ್ಕೆ ಅವರು ನಾಂದಿ ಹಾಡಿದ್ದರು. ಅವರ ಜಾಗಕ್ಕೆ ಬಂದ ಸರ್ ಹೆನ್ರಿ ವಾರ್ಡ್ ಅವರೂ, ತೆರಿಗೆಯ ಕರ್ತೃ ವಿಲ್ಸನ್ ಅವರೂ ಅದೇ ಆಗಸ್ಟ್ ತಿಂಗಳಿನಲ್ಲಿ ರೋಗಕ್ಕೆ ಬಲಿಯಾದರು. ಆದಾಯ ತೆರಿಗೆಯು ಜುಲೈನಲ್ಲಿಯೇ ಕಾಯಿದೆಯಾಗಿತ್ತು.

ಮರುವರ್ಷದ ಭಾರತ ಪರಿಷತ್ತುಗಳ ಕಾಯಿದೆಯು ಮದರಾಸು ಮತ್ತು ಮುಂಬಯಿಗೆ ಶಾಸನಾಧಿಕಾರವನ್ನು ಮರಳಿ ನೀಡಿತು. ಶಾಸನ ರಚನೆಗಾಗಿ ಗವರ್ನರರ ಪರಿಷತ್ತಿಗೆ ಹೆಚ್ಚುವರಿ ಸದಸ್ಯರನ್ನು ನಾಮಕರಣ ಮಾಡಲು ಅವಕಾಶವಾಯಿತು. ಅವರಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಮಂದಿ ಸರ್ಕಾರಿ ಸೇವೆಯ ಹೊರಗಿನವರಾಗಿರಬೇಕಿತ್ತು. ಆದರೂ ಪ್ರತಿಯೊಂದು ಮಸೂದೆಗೆ ಗವರ್ನರರ ಅಂಕಿತದ ಬಳಿಕ ಗವರ್ನರ್ ಜನರಲ್ ಅವರ ಅಂಕಿತವೂ ಅಗತ್ಯವಾಗಿತ್ತು. ಸಾರ್ವಜನಿಕ ಸಾಲ, ನಾಣ್ಯ, ಅಂಚೆ ಮತ್ತು ಭಾರತ ಸರ್ಕಾರದ ತೆರಿಗೆಗಳಿಗೆ ಸಂಬಂಧಿಸಿದ ವಿಷಯಗಳನ್ನು ಅವರ ಪೂರ್ವಾನುಮತಿಯಿಲ್ಲದೆ ಎತ್ತಿಕೊಳ್ಳುವಂತಿರಲಿಲ್ಲ.

1863ರಲ್ಲಿ ಟ್ರೆವೆಲ್ಯಾನ್ ಅವರು ಕಲ್ಕತ್ತೆಗೆ ಮರಳಿ ಬಂದರು. ಈ ಬಾರಿ ಅವರು ವಹಿಸಿಕೊಂಡದ್ದು ವಿಲ್ಸನ್ ಅವರು ಕುಳಿತಿದ್ದ ಹಣಕಾಸು ಸದಸ್ಯರ ಸ್ಥಾನವನ್ನೇ. ಐದು ವರ್ಷಗಳ ಅವಧಿಗೆಂದು ವಿಧಿಸಿದ್ದ ಆದಾಯ ತೆರಿಗೆಯು 1865ರಲ್ಲಿ ಮುಂದುವರಿಕೆಯಿಲ್ಲದೆ ಕೊನೆಗೊಂಡಿತು. ಅದೇ ವರ್ಷ ಅವರು ಅನಾರೋಗ್ಯದ ಕಾರಣದಿಂದ ಸ್ವದೇಶಕ್ಕೆ ಹಿಂದಿರುಗಿದರು. 1874ರಲ್ಲಿ ಅವರಿಗೆ ಬ್ಯಾರೊನೆಟ್ ಪದವಿ ದೊರೆಯಿತು. 1886ರ ಜೂನ್ 19ರಂದು ಲಂಡನ್ನಿನಲ್ಲಿ ಅವರು ನಿಧನ ಹೊಂದಿದರು.