ಡೆಪ್ಯುಟಿ ಚೆನ್ನಬಸಪ್ಪ: ಶಾಲಾಪಠ್ಯ, ಪ್ರಭುತ್ವ ಮತ್ತು ಕನ್ನಡ

ಉತ್ತರ ಕರ್ನಾಟಕದ ಕನ್ನಡ ಜಾಗೃತಿಯ ಚರಿತ್ರೆಯಲ್ಲಿ ಡೆಪ್ಯುಟಿ ಚೆನ್ನಬಸಪ್ಪನವರನ್ನು (ನಿಧನ 1881) ಕನ್ನಡ ಶಾಲೆಗಳ ಉದ್ಧಾರಕರೆಂದು ಸ್ಮರಿಸಲಾಗುತ್ತದೆ. ಆದರೆ ಅವರ ಹೆಸರಿನೊಡನೆ ಬೆರೆತುಹೋದ ‘ಡೆಪ್ಯುಟಿ’ ಎಂಬುದು ವಸಾಹತು ಸರಕಾರದ ಹುದ್ದೆ. ಕನ್ನಡದ ಕೆಲಸಕ್ಕೂ ಆ ಹುದ್ದೆಗೂ ಇದ್ದ ಸಂಬಂಧವೇ ಅವರ ಜೀವನವನ್ನು ಓದುವವರ ಮುಂದಿರುವ ಪ್ರಶ್ನೆ.

ಅವರು ಧಾರವಾಡದವರು. 1818ರಲ್ಲಿ ಪೇಶ್ವೆಯರ ಆಳ್ವಿಕೆ ಕೊನೆಗೊಂಡು ಈ ಸೀಮೆ ಮುಂಬಯಿ ಆಧಿಪತ್ಯಕ್ಕೆ ಸೇರಿದ ಮೇಲೂ ಕಚೇರಿ, ಶಾಲೆಗಳಲ್ಲಿ ಮರಾಠಿಯ ಪ್ರಾಬಲ್ಯವೇ ಮುಂದುವರಿಯಿತು. ಕನ್ನಡ ಮನೆಮಾತಿನ ಮಕ್ಕಳು ಮರಾಠಿಯಲ್ಲಿ ಪಾಠ ಓದಬೇಕಾಗಿತ್ತು. ಇಂಗ್ಲಿಷ್ ವಿದ್ಯೆಗಾಗಿ ಪುಣೆಗೆ ಹೋಗಿ ಮರಳಿದ ಚೆನ್ನಬಸಪ್ಪನವರು ಧಾರವಾಡದ ನಾರ್ಮಲ್ ಸ್ಕೂಲಿನ ಮುಖ್ಯಸ್ಥರಾಗಿ, ಬಳಿಕ ಡೆಪ್ಯುಟಿ ಎಜುಕೇಶನಲ್ ಇನ್‌ಸ್ಪೆಕ್ಟರಾಗಿ ದುಡಿದರು. ಮೇಲಧಿಕಾರಿ ರಸೆಲ್ ಅವರ ಬೆಂಬಲದಿಂದ ಕನ್ನಡ ಶಾಲೆಗಳನ್ನು ಬೆಳೆಸಿದರು. ಕನ್ನಡ ಶಿಕ್ಷಕರನ್ನು ಸಿದ್ಧಗೊಳಿಸಿದರು. ಮುಂದೆ ‘ಜೀವನ ಶಿಕ್ಷಣ’ವಾದ ‘ಮಠಪತ್ರಿಕೆ’ಯು 1865ರಲ್ಲಿ ಆರಂಭವಾದುದರ ಹಿಂದೆಯೂ ಅವರ ಶ್ರಮವಿದೆ.

ಈ ಕಾರ್ಯಕ್ಕೆ ಅವಕಾಶ ಒದಗಿಸಿದ್ದು 1854ರ ವುಡ್ಸ್ ಡಿಸ್ಪ್ಯಾಚ್. ಜನಸಾಮಾನ್ಯರ ಶಿಕ್ಷಣ ದೇಶಭಾಷೆಗಳಲ್ಲೇ ನಡೆಯಬೇಕೆಂದು ಅದು ವಿಧಿಸಿತು. ಆದರೆ ಆ ಭಾಷೆಗಳ ಮೂಲಕ ಯುರೋಪಿನ ಜ್ಞಾನವನ್ನು ಹರಡುವುದು, ಆಡಳಿತಕ್ಕೆ ನಂಬಿಕಸ್ತ ನೌಕರರನ್ನು ಪಡೆಯುವುದು, ಬ್ರಿಟಿಷ್ ಸರಕಿಗೆ ಬೇಡಿಕೆ ಹೆಚ್ಚಿಸುವುದು ಅದರ ಘೋಷಿತ ಉದ್ದೇಶಗಳಾಗಿದ್ದವು. ಹೀಗೆ ಕನ್ನಡ ಮತ್ತೆ ಶಾಲೆಯನ್ನು ಹೊಕ್ಕಿದ್ದು ಸಾಮ್ರಾಜ್ಯದ ಬಾಗಿಲಿನಿಂದಲೇ. ಪಾಠದ ನುಡಿ ಬದಲಾದರೂ ಯಾವುದು ಜ್ಞಾನವೆಂದು ನಿರ್ಧರಿಸುವ ಅಧಿಕಾರ ಇಲಾಖೆಯ ಕೈಯಲ್ಲೇ ಉಳಿಯಿತು.

ಶೇಕ್ಸ್‌ಪಿಯರನ ‘ಕಾಮೆಡಿ ಆಫ್ ಎರರ್ಸ್’ ನಾಟಕವನ್ನು ಚೆನ್ನಬಸಪ್ಪನವರು 1871ರಲ್ಲಿ ‘ನಗದವರನ್ನು ನಗಿಸುವ ಕಥೆ’ಯಾಗಿ ಕನ್ನಡಕ್ಕೆ ತಂದರು. ಇಂಗ್ಲಿಷ್ ಶಿಕ್ಷಣದಲ್ಲಿ ಆಳುವವರ ಶ್ರೇಷ್ಠತೆಗೆ ಸಾಕ್ಷಿಯಂತಿದ್ದ ಕವಿ ಇಲ್ಲಿ ಕನ್ನಡ ಓದುಗರನ್ನು ನಗಿಸುವ ಕಥೆಗಾರನಾದನು. ಇದನ್ನು ಪ್ರತಿರೋಧವೆನ್ನುವುದು ಅತಿಯಾದೀತು. ಬರಿಯ ಅನುಕರಣೆಯೆಂದು ತಳ್ಳಿಹಾಕುವುದೂ ಸಲ್ಲದು. ಪರರಿಂದ ಬಂದುದನ್ನು ತನ್ನ ಜನರ ಬಳಕೆಗೆ ಒಗ್ಗಿಸಿಕೊಳ್ಳುವ ಶಿಕ್ಷಕನ ವಿವೇಕ ಅದರಲ್ಲಿದೆ.

ಅವರು ತೀರಿಕೊಂಡ ಒಂಬತ್ತು ವರ್ಷಗಳ ಅನಂತರ, 1890ರಲ್ಲಿ, ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಸ್ಥಾಪನೆಯಾಯಿತು. ಕನ್ನಡದ ಹಕ್ಕನ್ನು ಮುಂದಿಟ್ಟ ಈ ಸಂಘಕ್ಕೆ ಕನ್ನಡ ಓದಬಲ್ಲ ಸಮುದಾಯವೊಂದು ಅಷ್ಟರಲ್ಲಿ ರೂಪುಗೊಂಡಿತ್ತು. ವಿಧೇಯ ಪ್ರಜೆಗಳನ್ನು ಬಯಸಿದ ಶಾಲೆಯಿಂದಲೇ ಹಕ್ಕು ಕೇಳುವ ಓದುಗರೂ ಹೊರಬಂದರು. ಚೆನ್ನಬಸಪ್ಪನವರ ಸಾಧನೆಯನ್ನು ಅಳೆಯುವಾಗ ಇವೆರಡನ್ನೂ ಒಟ್ಟಿಗೆ ಗಮನಿಸಬೇಕಾಗುತ್ತದೆ.